ಪಾಪಾಸುಕಳ್ಳಿಗೆ ಮದ್ದಾದ ಹುಳ, ಮದ್ದೇ ಪೀಡೆಯಾದ ಕಥೆ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬೂನಾರ್ಗಾ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಜನ 1936ರಲ್ಲಿ ಒಂದು ಸಭಾಭವನ ಕಟ್ಟಿಸಿ, ಅದಕ್ಕೆ ಒಂದು ಹುಳುವಿನ ಹೆಸರಿಟ್ಟರು: ಕ್ಯಾಕ್ಟೋಬ್ಲಾಸ್ಟಿಸ್. 1989ರಲ್ಲಿ ಅದೇ ಹುಳು ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಯಾರೂ ಭವನ ಕಟ್ಟಲಿಲ್ಲ, ಗಾಬರಿಬಿದ್ದರು.

ಇದು ಹೇಗಾಯಿತು ಅಂತ ತಿಳಿಯಬೇಕಾದರೆ ಕೆಂಪು ಬಣ್ಣದಿಂದ ಶುರು ಮಾಡಬೇಕು. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನಿಯಲ್ ಹುಳವನ್ನು ಒಣಗಿಸಿ ಅರೆದರೆ ಗಾಢ ಕೆಂಪು ಬಣ್ಣ ಸಿಗುತ್ತದೆ. ಈ ವ್ಯಾಪಾರ ಬಹಳ ಕಾಲ ಸ್ಪೇನಿನವರ ಕೈಯಲ್ಲಿತ್ತು, ಸರಕು ಬರುತ್ತಿದ್ದದ್ದು ಮೆಕ್ಸಿಕೋದಿಂದ. ಬ್ರಿಟಿಷರಿಗೂ ಆಸೆ ಹುಟ್ಟಿತು. 1788ರಲ್ಲಿ ಸಿಡ್ನಿಗೆ ಬಂದಿಳಿದ ಮೊದಲ ಹಡಗುಗಳಲ್ಲೇ ಬ್ರೆಜಿಲ್‌ನಿಂದ ತಂದ ಕಳ್ಳಿಯೂ ಹುಳವೂ ಇದ್ದವು. ಬಣ್ಣದ ಉದ್ಯಮ ಕೈ ಹತ್ತಲಿಲ್ಲ, ಕಳ್ಳಿ ಉಳಿದುಕೊಂಡಿತು. ಆಮೇಲೆ ಬೇಲಿಗೆ ಅಂತ ಇನ್ನೂ ಹಲವು ಜಾತಿಯ ಕಳ್ಳಿಗಳನ್ನು ಜನ ತಾವಾಗಿಯೇ ತಂದು ನೆಟ್ಟರು.

ಭಾರತದಲ್ಲಿ ಕಥೆ ಸ್ವಲ್ಪ ತಮಾಷೆಯಾಗಿ ತಿರುಗಿತು. ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಬಣ್ಣಕ್ಕಾಗಿ ತರಿಸಿದ ಹುಳ ತಪ್ಪು ಜಾತಿಯದ್ದು. ಬಣ್ಣ ಸರಿಯಾಗಿ ಬರಲಿಲ್ಲ. ಆದರೆ ಆ ಹುಳ ಒಂದು ಜಾತಿಯ ಕಳ್ಳಿಯನ್ನು ತಿಂದು ತಿಂದು ಬಯಲು ಮಾಡಿತು. ಇದನ್ನು ಗಮನಿಸಿದವರು 1836ರ ಹೊತ್ತಿಗೆ ಅದನ್ನು ಬೇಕೆಂದೇ ದಕ್ಷಿಣಕ್ಕೆ ತಂದು ಬಿಟ್ಟರು. ಕಳೆಯನ್ನು ಕೀಟದಿಂದ ಕೊಲ್ಲಿಸುವ ‘ಜೈವಿಕ ನಿಯಂತ್ರಣ’ ಶುರುವಾದದ್ದು ಹೀಗೆ, ಬಣ್ಣದ ದುರಾಸೆ ಕೈಕೊಟ್ಟದ್ದರಿಂದ.

ಹೊರಗಿನಿಂದ ಬಂದದ್ದೆಲ್ಲ ಪೀಡೆಯಾಗುವುದಿಲ್ಲ. ಜೀವವೈವಿಧ್ಯದ ಅಂತರಸರ್ಕಾರಿ ವೇದಿಕೆಯ 2023ರ ವರದಿ ಪ್ರಕಾರ, ಮನುಷ್ಯನಿಂದಾಗಿ ಬೇರೆ ಪ್ರದೇಶಗಳಲ್ಲಿ ನೆಲೆಯಾದ ಜೀವಿಗಳು 37,000ಕ್ಕೂ ಜಾಸ್ತಿ. ಅವುಗಳಲ್ಲಿ ಹಾನಿಕಾರಕ ಎಂದು ಗುರುತಾದವು 3,500ಕ್ಕೂ ಹೆಚ್ಚು. ಹತ್ತರಲ್ಲಿ ಒಂದು ಅಂದುಕೊಳ್ಳಿ. ಆ ಒಂದು ಯಾಕೆ ಹುಚ್ಚೆದ್ದು ಬೆಳೆಯುತ್ತದೆ? ಒಂದು ಕಾರಣ ಸರಳ: ತವರಿನಲ್ಲಿ ಅದನ್ನು ತಿನ್ನುತ್ತಿದ್ದ ಹುಳ, ರೋಗ ಯಾವುದೂ ಜೊತೆಗೆ ಬಂದಿರುವುದಿಲ್ಲ.

ಆಸ್ಟ್ರೇಲಿಯಾದ ಕಳ್ಳಿಗೆ ಆದದ್ದೂ ಅದೇ. ಮುರಿದು ಬಿದ್ದ ಪ್ರತಿ ತುಂಡೂ ಬೇರು ಬಿಡುತ್ತದೆ. ಹಣ್ಣು ತಿಂದ ಹಕ್ಕಿ ಬೀಜವನ್ನು ಎಲ್ಲೋ ಒಯ್ದು ಹಾಕುತ್ತದೆ. ಕಡಿದರೆ ಜಾಸ್ತಿ ಆಗುವ ಗಿಡವನ್ನು ಏನು ಮಾಡೋದು? ಕ್ವೀನ್ಸ್‌ಲ್ಯಾಂಡ್ ಸರ್ಕಾರ 1901ರಲ್ಲಿ ಮದ್ದು ಹುಡುಕಿದವರಿಗೆ 5,000 ಪೌಂಡ್ ಬಹುಮಾನ ಘೋಷಿಸಿತು. 1907ರಲ್ಲಿ ಅದನ್ನು ಎರಡು ಪಟ್ಟು ಮಾಡಿತು. ಯಾರಿಗೂ ಸಿಗಲಿಲ್ಲ. ಆರ್ಸೆನಿಕ್ ವಿಷ ಸುರಿದರು. ಬೀಜ ಹರಡುತ್ತವೆ ಅಂತ ಎಮು, ಕಾಗೆಗಳನ್ನು ಕೊಂದವರಿಗೆ ದುಡ್ಡು ಕೊಟ್ಟರು. 1925ರ ಹೊತ್ತಿಗೆ ಸುಮಾರು 2.4 ಕೋಟಿ ಹೆಕ್ಟೇರ್ ನೆಲ ಕಳ್ಳಿಯ ಪಾಲಾಗಿತ್ತು. ಮನೆ, ಹೊಲ ಬಿಟ್ಟು ಹೋದವರೂ ಇದ್ದರು.

ಅದೇ ವರ್ಷ ಅಲನ್ ಡಾಡ್ ಎಂಬ ಕೀಟತಜ್ಞ ಅರ್ಜೆಂಟೀನಾದಿಂದ ಒಂದು ಬೂದು ಪತಂಗದ, ಅಂದರೆ ಆ ಕ್ಯಾಕ್ಟೋಬ್ಲಾಸ್ಟಿಸ್‌ನ, ಮೊಟ್ಟೆಗಳನ್ನು ಕಳಿಸಿದರು. ಎಲ್ಲಾ ಸೇರಿ ಮೂರು ಸಾವಿರಕ್ಕೂ ಕಡಿಮೆ. ಈ ಪತಂಗ ಮೊಟ್ಟೆ ಇಡುವುದನ್ನು ನೋಡಬೇಕು. ಒಂದರ ಮೇಲೊಂದು ಅಂಟಿಸುತ್ತಾ ಹೋಗುತ್ತದೆ. ಕೊನೆಗೆ ಅದು ಕಳ್ಳಿಯ ಇನ್ನೊಂದು ಮುಳ್ಳಿನ ಹಾಗೇ ಕಾಣುತ್ತದೆ. ಮರಿಗಳು ಹೊರಬಂದು ಗುಂಪಾಗಿ ಒಂದೇ ಕಡೆ ತೂತು ಕೊರೆದು ಒಳಗೆ ಹೋಗುತ್ತವೆ. ಕಿತ್ತಳೆ ಮೈ, ಅದರ ಮೇಲೆ ಕಪ್ಪು ಪಟ್ಟೆ. ಒಳಗಿನ ತಿರುಳೆಲ್ಲ ತಿಂದು ಪಕ್ಕದ ತುಂಡಿಗೆ ಸಾಗುತ್ತವೆ. ಉಳಿದ ಸಿಪ್ಪೆ ಕೊಳೆತು ಲೊಳಲೊಳ ಆಗಿ ಕುಸಿಯುತ್ತದೆ.

ಬೇರೆ ಬೆಳೆಗಳನ್ನು ತಿನ್ನುತ್ತದಾ ಅಂತ ಮೊದಲು ಪರೀಕ್ಷೆ ಮಾಡಿದ್ದರು. ತಿನ್ನಲಿಲ್ಲ. ಆಮೇಲೆ ಸಾಕಿ, ಮೊಟ್ಟೆಗಳನ್ನು ಕಾಗದದ ತುಂಡುಗಳಿಗೆ ಅಂಟಿಸಿ, ಕಳ್ಳಿಗೆ ಚುಚ್ಚುತ್ತಾ ಹೋದರು. ಕೆಲವೇ ವರ್ಷಗಳಲ್ಲಿ ಹೀಗೆ ಹಂಚಿದ ಮೊಟ್ಟೆಗಳು 200 ಕೋಟಿಗೂ ಹೆಚ್ಚು. 1933ರ ಹೊತ್ತಿಗೆ ದಟ್ಟ ಕಳ್ಳಿಕಾಡುಗಳು ಕುಸಿದುಬಿದ್ದಿದ್ದವು. ಬೂನಾರ್ಗಾದವರು ಭವನ ಕಟ್ಟಿಸಿದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಈ ಗೆಲುವು ಕಣ್ಣಮುಂದೆ ಇರುವಾಗಲೇ, 1935ರಲ್ಲಿ, ಅದೇ ಕ್ವೀನ್ಸ್‌ಲ್ಯಾಂಡ್‌ಗೆ ಕಬ್ಬಿನ ದುಂಬಿ ತಿನ್ನಲಿ ಅಂತ ಹವಾಯಿಯಿಂದ ಕೇನ್ ಟೋಡ್ ಕಪ್ಪೆಯನ್ನು ತಂದರು. ಅದು ಬಾಯಿಗೆ ಹಿಡಿಸಿದ್ದನ್ನೆಲ್ಲ ತಿನ್ನುವ ಪ್ರಾಣಿ. ದುಂಬಿಯ ಕಾಟ ಕಮ್ಮಿ ಆಗಲಿಲ್ಲ. ಕಪ್ಪೆಯ ವಿಷಕ್ಕೆ ಅಲ್ಲಿನ ಕ್ವಾಲ್ (ಮಾಂಸ ತಿನ್ನುವ ಒಂದು ಸಣ್ಣ ಪ್ರಾಣಿ), ಉಡದಂಥ ಪ್ರಾಣಿಗಳು ಸಾಯತೊಡಗಿದವು. ‘ಒಂದು ಪ್ರಾಣಿ ತಂದು ಇನ್ನೊಂದನ್ನು ಕೊಲ್ಲಿಸುವುದು ಮೂರ್ಖತನ’ ಅನ್ನುವವರು ಯಾವಾಗಲೂ ಈ ಕಪ್ಪೆಯನ್ನೇ ತೋರಿಸುತ್ತಾರೆ. ನನಗೆ ಅದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. ಪತಂಗಕ್ಕೆ ಪರೀಕ್ಷೆ ಇತ್ತು, ಕಪ್ಪೆಗೆ ಅಂಥದ್ದೇನೂ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಾಗಂತ ಪರೀಕ್ಷೆಯೊಂದೇ ಸಾಕಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಕಳ್ಳಿ ಜಾತಿಯ ಸ್ಥಳೀಯ ಗಿಡ ಒಂದೂ ಇಲ್ಲ. ಪತಂಗ ಎಷ್ಟು ತಿಂದರೂ ಅಲ್ಲಿ ನಷ್ಟ ಇಲ್ಲ. 1957ರಲ್ಲಿ ಅದನ್ನು ಕೆರಿಬಿಯನ್‌ನ ನೆವಿಸ್ ದ್ವೀಪಕ್ಕೆ ಬಿಟ್ಟರು. ಕಳ್ಳಿಗಳ ತವರಿಗೇ ಅಷ್ಟು ಹತ್ತಿರ! ಅದೂ ಅಲ್ಲಿ ಕಾಟ ಕೊಡುತ್ತಿದ್ದದ್ದು ಸ್ಥಳೀಯ ಕಳ್ಳಿಗಳೇ. ನೆವಿಸ್‌ನಲ್ಲಿ ಕೆಲಸ ಆಯಿತು. ಆದರೆ ಹುಳು ಅಲ್ಲೇ ನಿಲ್ಲಲಿಲ್ಲ. ದ್ವೀಪದಿಂದ ದ್ವೀಪಕ್ಕೆ ಹೋಯಿತು. ಕೆರಿಬಿಯನ್‌ನಿಂದ ಬರುತ್ತಿದ್ದ ಅಲಂಕಾರದ ಕಳ್ಳಿ ಗಿಡಗಳಲ್ಲೂ ಮಯಾಮಿಯ ತಪಾಸಕರು ಅದನ್ನು ಹಲವು ಸಲ ಹಿಡಿದಿದ್ದರು. ಫ್ಲಾರಿಡಾದಲ್ಲಿ ಅದು ಅಪರೂಪದ ಸ್ಥಳೀಯ ಕಳ್ಳಿಗಳಿಗೂ ಬಾಯಿ ಹಾಕಿತು. 2009ರಲ್ಲಿ ಲೂಸಿಯಾನಾ ತಲುಪಿತು.

ಮುಂದೆ ಇದ್ದದ್ದು ಮೆಕ್ಸಿಕೋ. ಆ ದೇಶದ ಬಾವುಟದಲ್ಲೇ ಪಾಪಾಸುಕಳ್ಳಿ ಇದೆ. ಅದು ಅಲ್ಲಿ ತರಕಾರಿ, ಹಣ್ಣು, ದನಗಳ ಮೇವು. 2006ರಲ್ಲಿ ಇಸ್ಲಾ ಮುಹೆರೆಸ್ ದ್ವೀಪದಲ್ಲಿ ಹುಳು ಸಿಕ್ಕಿತು. ಮೆಕ್ಸಿಕೋದವರು ತಡಮಾಡಲಿಲ್ಲ. ಹುಳು ಹಿಡಿದ ಗಿಡಗಳನ್ನು ಕಿತ್ತರು, ಬಲೆ ಇಟ್ಟರು, ವಿಕಿರಣದಿಂದ ಸಂತಾನಶಕ್ತಿ ಕೆಡಿಸಿದ ಪತಂಗಗಳನ್ನು ಬಿಟ್ಟರು. ಅವುಗಳ ಜೊತೆ ಕೂಡಿದ ಕಾಡುಪತಂಗದ ಸಂತತಿ ಮುಂದುವರಿಯುವುದಿಲ್ಲ. 2009ರಲ್ಲಿ ಹುಳು ಪೂರ್ತಿ ನಿರ್ನಾಮವಾಯಿತೆಂದು ಘೋಷಿಸಿದರು.

ಬೇಗ ಎದ್ದವರಿಗೂ ತಡವಾಗಿ ಎದ್ದವರಿಗೂ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ಕಾಲರ್ಪಾ ಎಂಬ ಕಡಲಪಾಚಿಯೂ ಸಾಕ್ಷಿ. 1984ರಲ್ಲಿ ಮೊನಾಕೊ ಬಳಿ ಅದು ಕಂಡಾಗ ಬಿಟ್ಟುಬಿಟ್ಟರು. ಮೆಡಿಟರೇನಿಯನ್‌ನಲ್ಲಿ ಸಾವಿರಾರು ಹೆಕ್ಟೇರ್ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಡಾಗ ಕೆಲವೇ ದಿನಗಳಲ್ಲಿ ಟಾರ್ಪಾಲು ಮುಚ್ಚಿ ಅಡಿಯಲ್ಲಿ ಕ್ಲೋರಿನ್ ಬಿಟ್ಟರು. 2006ಕ್ಕೆ ಅಲ್ಲಿ ಅದು ಇರಲಿಲ್ಲ.

ಅಮೆರಿಕದ ಮುಖ್ಯಭೂಮಿಯಲ್ಲಿ ಮಾತ್ರ ಪತಂಗದ ವಿಷಯದಲ್ಲಿ ಆ ಅವಕಾಶ ತಪ್ಪಿಹೋಗಿದೆ. ಹಾಗಾಗಿ ಸಂಶೋಧಕರು ಮತ್ತೆ ಅರ್ಜೆಂಟೀನಾಕ್ಕೇ ಹೋಗಿದ್ದಾರೆ. ಅಲ್ಲಿ ಕ್ಯಾಕ್ಟೋಬ್ಲಾಸ್ಟಿಸ್ ಮರಿಹುಳುವಿನ ಮೈಯೊಳಗೆ ಮೊಟ್ಟೆ ಇಡುವ ಒಂದು ಸಣ್ಣ ಕಣಜ ಇದೆ. ಅದನ್ನು ತಂದು, ಹೊರಗೆ ಬಿಡದೆ ಮುಚ್ಚಿದ ಪ್ರಯೋಗಾಲಯದಲ್ಲಿಟ್ಟು, ಅಮೆರಿಕದ ಬೇರೆ ಮರಿಹುಳುಗಳ ಮೇಲೂ ಅದು ಎರಗುತ್ತದಾ ಅಂತ ಒಂದೊಂದಾಗಿ ಪರೀಕ್ಷಿಸಿದ್ದಾರೆ.