ಆ್ಯಪ್‌ನೊಳಗೆ ಹೇಳಬಾರದಿದ್ದ ಮಾತು

ಹಾಡು ಕೇಳಿಸುವ ಸೇವೆ ಒಂದೇ. ಐಫೋನ್ ಆ್ಯಪ್‌ನೊಳಗೆ ಕೊಂಡರೆ ತಿಂಗಳಿಗೆ 12.99 ಯೂರೊ. ಬ್ರೌಸರ್‌ನಲ್ಲಿ ಕೊಂಡರೆ 9.99. ಯುರೋಪಿನಲ್ಲಿ ಸ್ಪಾಟಿಫೈ ಕೆಲಕಾಲ ಹೀಗೆ ಮಾರುತ್ತಿತ್ತು. ಆದರೆ ‘ಹೊರಗೆ ಕಡಿಮೆಗೆ ಸಿಗುತ್ತದೆ’ ಎಂದು ಆ್ಯಪ್‌ನಲ್ಲಿ ಬರೆಯುವಂತಿರಲಿಲ್ಲ. ನನಗೆ ಆ್ಯಪಲ್ ಪಡೆಯುವ ಕಮಿಷನ್‌ಗಿಂತ ಅದರ ಈ ನಿಯಮವೇ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಆ್ಯಪಲ್ 2008ರ ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆಯಿತು. ಮಾರಾಟದ ಹಣದಲ್ಲಿ ಶೇ 70 ಆ್ಯಪ್ ಮಾಡಿದವರಿಗೆ, ಶೇ 30 ಆ್ಯಪಲ್‌ಗೆ. ಒಂದೇ ಸಲ ಮಾರುವ ಆಟಕ್ಕೆ ಈ ಲೆಕ್ಕ ಹೇಗೋ ಹೊಂದುತ್ತಿತ್ತು. ಚಂದಾ ಹಾಗಲ್ಲ. ಹಾಡು, ಸಿನಿಮಾ ಕೊಡುವವರು ಹಕ್ಕುದಾರರಿಗೂ ಪಾಲು ಕೊಡಬೇಕು. ಅದರ ಮೇಲೆ ಪ್ರತಿ ತಿಂಗಳೂ ಶೇ 30 ಹೋದರೆ ಉಳಿಯುವುದೇನು?

ಜಗಳ ಬಿಗಿಯಾಗಿದ್ದು 2011ರ ಫೆಬ್ರವರಿಯಲ್ಲಿ. ಆ್ಯಪ್‌ನೊಳಗೆ ಮಾಡಿಸಿದ ಚಂದಾಕ್ಕೆ ಶೇ 30 ಕೊಡಬೇಕು, ಹೊರಗಿನ ಅಂಗಡಿಗೆ ಲಿಂಕ್ ಇರಬಾರದು ಎಂದಿತು ಆ್ಯಪಲ್. ಹೊರಗೆ ಇದಕ್ಕಿಂತ ಕಡಿಮೆಗೆ ಮಾರಲೂಬಾರದು ಎಂದಿತ್ತು. ಈ ಕೊನೆಯ ಷರತ್ತನ್ನು ನಾಲ್ಕೇ ತಿಂಗಳಲ್ಲಿ ಕೈಬಿಟ್ಟಿತು. ಲಿಂಕ್ ನಿಷೇಧ ಮಾತ್ರ ಉಳಿಯಿತು. ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಆ್ಯಪ್ ಸ್ಟೋರ್ ಬಿಟ್ಟು ಬ್ರೌಸರ್‌ಗೆ ಹೋಯಿತು. ಅಮೆಜಾನ್ ತನ್ನ ಕಿಂಡಲ್ ಆ್ಯಪ್‌ನಿಂದ ಪುಸ್ತಕದಂಗಡಿಯ ಬಟನ್ ತೆಗೆಯಿತು. ಓದುವವರು ಪುಸ್ತಕ ಕೊಳ್ಳಲು ದಾರಿ ತಾವೇ ಹುಡುಕಿಕೊಳ್ಳಬೇಕಾಯಿತು.

ದರ ನಿಧಾನಕ್ಕೆ ಇಳಿಯಿತು. 2016ರಲ್ಲಿ ಆ್ಯಪಲ್, ಒಂದು ವರ್ಷ ದಾಟಿದ ಚಂದಾಕ್ಕೆ ಶೇ 15 ಸಾಕು ಎಂದಿತು. ಗೂಗಲ್ ಪ್ಲೇ 2022ರಿಂದ ಮೊದಲ ದಿನದಿಂದಲೇ ಶೇ 15 ಮಾಡಿತು. ಸ್ಟೋರ್ ನಡೆಸಲು, ಆ್ಯಪ್ ಪರೀಕ್ಷಿಸಲು, ಹಣ ಸುರಕ್ಷಿತವಾಗಿ ಸಾಗಿಸಲು ಖರ್ಚಿದೆ, ನಿಜ. ಆದರೆ ಗ್ರಾಹಕರಿಂದ ಬೆಲೆ ಮುಚ್ಚಿಡುವುದಕ್ಕೂ ಆ ಖರ್ಚಿಗೂ ಸಂಬಂಧವಿಲ್ಲ ಅಲ್ವಾ?

ಸ್ಪಾಟಿಫೈ 2019ರಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿದ್ದು ಇದನ್ನೇ ಹಿಡಿದು. ಐದು ವರ್ಷ ಹಿಡಿಯಿತು. 2024ರ ಮಾರ್ಚ್‌ನಲ್ಲಿ ಆ್ಯಪಲ್‌ಗೆ 180 ಕೋಟಿ ಯೂರೊಗೂ ಜಾಸ್ತಿ ದಂಡ ಬಿತ್ತು.

ಅಮೆರಿಕದಲ್ಲಿ ಆಟದ ಕಂಪನಿ ಎಪಿಕ್ 2020ರಲ್ಲಿ ಆ್ಯಪಲ್ ಮೇಲೆ ಕೇಸು ಹಾಕಿತು. ಹೆಚ್ಚಿನ ವಾದಗಳಲ್ಲಿ ಸೋತಿತು. ಆದರೂ ಹೊರಗಿನ ಲಿಂಕ್‌ಗೆ ಅವಕಾಶ ಕೊಡಬೇಕೆಂದು ನ್ಯಾಯಾಧೀಶೆ ಇವಾನ್ ಗೊನ್ಜಾಲೆಜ್ ರೋಜರ್ಸ್ 2021ರಲ್ಲಿ ಆದೇಶಿಸಿದರು. ಮೇಲ್ಮನವಿಗಳೆಲ್ಲ ಮುಗಿದ ಮೇಲೆ, 2024ರಲ್ಲಿ ಆ್ಯಪಲ್ ಲಿಂಕ್ ಬಿಟ್ಟಿತು. ಅದರ ಮೂಲಕ ಕೊಂಡದ್ದಕ್ಕೂ ಶೇ 27ರವರೆಗೆ ಕಮಿಷನ್ ಕೇಳಿತು! ಹೊರಗೆ ಹಣ ಪಡೆಯಲು ತಗಲುವ ಖರ್ಚು ಸೇರಿಸಿದರೆ ಆ್ಯಪ್ ಮಾಡಿದವರಿಗೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಧೀಶೆ ಆದೇಶ ಮೀರಿದ್ದೀರಿ ಎಂದು ಆ ಕಮಿಷನ್ ತಡೆದರು. ಆ್ಯಪಲ್ ಮತ್ತೆ ಮೇಲ್ಮನವಿ ಹೋಯಿತು.

ಮುಂದಿನ ತಿಂಗಳೇ ಅಮೆರಿಕದ ಕಿಂಡಲ್ ಆ್ಯಪ್‌ನಲ್ಲಿ ಪುಸ್ತಕ ಕೊಳ್ಳುವ ಬಟನ್ ಕಾಣಿಸಿತು. ಅದು ಮಾಯವಾಗಿ ಹದಿನಾಲ್ಕು ವರ್ಷವಾಗುತ್ತಾ ಬಂದಿತ್ತು.