ಸಂಬಳ ಮುಟ್ಟದ 18 ತಿಂಗಳು: ಮ್ಯಾಸಚೂಸೆಟ್ಸ್‌ನ 54ನೇ ಪದಾತಿ ರೆಜಿಮೆಂಟ್ ನಡೆಸಿದ ಎರಡು ಯುದ್ಧಗಳು

ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳ ವಿರುದ್ಧ, ಉತ್ತರದ ಪರ ಹೋರಾಡಿದವರಲ್ಲಿ ಬಹುಪಾಲು ಮಂದಿ ಖಾಯಂ ಸೇನೆಯ ಸಿಪಾಯಿಗಳಾಗಿರಲಿಲ್ಲ. ಆಯಾ ರಾಜ್ಯಗಳು ಊರೂರಿನಿಂದ ಜನರನ್ನು ಸೇರಿಸಿ ಕಟ್ಟಿದ ಸ್ವಯಂಸೇವಕ ಪದಾತಿ ರೆಜಿಮೆಂಟುಗಳೇ ಆ ಸೇನೆಯ ಬೆನ್ನೆಲುಬಾಗಿದ್ದವು. ಭರ್ತಿ ಮಾಡಿಕೊಳ್ಳುವುದು, ಅಧಿಕಾರಿಗಳಿಗೆ ನೇಮಕ ಪತ್ರ ಕೊಡುವುದು ರಾಜ್ಯದ ಗವರ್ನರ್‌ಗೆ ಸೇರಿದ ಕೆಲಸವಾದರೆ, ಸಂಬಳ ಬಟವಾಡೆ ಆಗಬೇಕಾದದ್ದು ವಾಷಿಂಗ್ಟನ್ನಿನ ಖಜಾನೆಯಿಂದ. ಮಾತು ಕೊಡುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು ಎಂಬ ಈ ಏರ್ಪಾಡು ಬಿಳಿಯರ ರೆಜಿಮೆಂಟುಗಳಿಗೆ ದೊಡ್ಡ ತೊಡಕಾಗಲಿಲ್ಲ. ಕಪ್ಪು ಜನರಿಂದ ಕಟ್ಟಿದ ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟಿನ ಪಾಲಿಗೆ ಮಾತ್ರ ಅದು ಒಂದೂವರೆ ವರ್ಷದ ಹೋರಾಟವಾಯಿತು. ಈ ರೆಜಿಮೆಂಟನ್ನು ಜಗತ್ತು ನೆನೆಯುವುದು ವ್ಯಾಗ್ನರ್ ಕೋಟೆಯ ಮೇಲಿನ ಒಂದು ಸಂಜೆಯ ದಾಳಿಗಾಗಿ. ಆ ದಾಳಿಯಷ್ಟೇ ಗಟ್ಟಿ ಎದೆ ಸಂಬಳದ ಹೋರಾಟಕ್ಕೂ ಬೇಕಾಗಿತ್ತು.

1863ರ ಜನವರಿ 1ರಂದು ಅಧ್ಯಕ್ಷ ಲಿಂಕನ್ ಹೊರಡಿಸಿದ ವಿಮೋಚನಾ ಘೋಷಣೆ ಕಪ್ಪು ಜನರನ್ನು ಸೇನೆಗೆ ತೆಗೆದುಕೊಳ್ಳಲು ಬಾಗಿಲು ತೆರೆಯಿತು. ಅದೇ ತಿಂಗಳ ಕೊನೆಯಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಜಾನ್ ಆಂಡ್ರೂ ಅವರು ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟ್ಯಾಂಟನ್ ಅವರಿಂದ ಅನುಮತಿ ಪಡೆದರು. 54ನೆಯದೇ ಮೊಟ್ಟಮೊದಲ ಕಪ್ಪು ರೆಜಿಮೆಂಟ್ ಎಂದು ಹಲವು ಕಡೆ ಬರೆಯುತ್ತಾರೆ, ಅದು ಸರಿಯಲ್ಲ. ಕ್ಯಾನ್ಸಸ್‌ನಲ್ಲಿಯೂ ದಕ್ಷಿಣ ಕೆರೊಲಿನಾದಲ್ಲಿಯೂ ಅದಕ್ಕಿಂತ ಮುಂಚೆಯೇ ಇಂಥ ಪಡೆಗಳು ರೂಪುಗೊಂಡಿದ್ದವು. ಮ್ಯಾಸಚೂಸೆಟ್ಸ್‌ನಲ್ಲಿದ್ದ ಕಪ್ಪು ಜನರ ಸಂಖ್ಯೆ ಒಂದು ರೆಜಿಮೆಂಟನ್ನು ತುಂಬುವಷ್ಟಿರಲಿಲ್ಲವಾದ್ದರಿಂದ ಪೆನ್ಸಿಲ್ವೇನಿಯಾ, ಒಹಾಯೊ, ನ್ಯೂಯಾರ್ಕ್ ಮೊದಲಾದ ರಾಜ್ಯಗಳಲ್ಲೆಲ್ಲ ಭರ್ತಿ ನಡೆಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡುತ್ತಿದ್ದ ನಾಯಕ ಫ್ರೆಡರಿಕ್ ಡಗ್ಲಸ್ ಊರೂರು ತಿರುಗಿ ಯುವಕರನ್ನು ಕರೆದರು. ತಮ್ಮ ಮಕ್ಕಳಾದ ಲೂಯಿಸ್ ಮತ್ತು ಚಾರ್ಲ್ಸ್ ಇಬ್ಬರನ್ನೂ ಅದೇ ರೆಜಿಮೆಂಟಿಗೆ ಕಳುಹಿಸಿದರು. ಬಾಸ್ಟನ್ ಹತ್ತಿರದ ರೀಡ್‌ವಿಲ್‌ನಲ್ಲಿ ತರಬೇತಿ ನಡೆಯಿತು. 25 ವರ್ಷದ ಬಿಳಿಯ ಅಧಿಕಾರಿ ರಾಬರ್ಟ್ ಗೂಲ್ಡ್ ಶಾ ರೆಜಿಮೆಂಟಿನ ಮುಖ್ಯಸ್ಥನಾದ ಕರ್ನಲ್ ಆದರು. ಬಿಳಿಯ ಸಿಪಾಯಿಗೆ ಸಿಗುವಷ್ಟೇ ಸಂಬಳ ಸಿಗುತ್ತದೆ ಎಂದು ಸೇರಲು ಬಂದ ಪ್ರತಿಯೊಬ್ಬನಿಗೂ ಹೇಳಲಾಗಿತ್ತು. ಸ್ಟ್ಯಾಂಟನ್ ತಮಗೆ ಹಾಗೆಂದು ಭರವಸೆ ಕೊಟ್ಟಿದ್ದಾರೆ ಎಂದೇ ಆಂಡ್ರೂ ನಂಬಿದ್ದರು.

ಮೇ 28ರಂದು ಬಾಸ್ಟನ್ ಬೀದಿಗಳಲ್ಲಿ ಜನಸಾಗರದ ನಡುವೆ ಮೆರವಣಿಗೆ ಮಾಡಿ ರೆಜಿಮೆಂಟ್ ಹಡಗು ಹತ್ತಿತು. ಹತ್ತು ಹದಿನೈದು ದಿನಗಳಲ್ಲಿ ಅದಕ್ಕೆ ಸಿಕ್ಕ ಮೊದಲ ಕೆಲಸ ಹೆಮ್ಮೆಪಡುವಂಥದ್ದಾಗಿರಲಿಲ್ಲ. ಜೂನ್ 11ರಂದು ಜಾರ್ಜಿಯಾದ ಡೇರಿಯನ್ ಎಂಬ, ಎದುರಿಸುವವರೇ ಇಲ್ಲದ ಪಟ್ಟಣವನ್ನು ಕರ್ನಲ್ ಮಾಂಟ್‌ಗೊಮರಿಯ ಆಜ್ಞೆಯಂತೆ ಸುಡಲಾಯಿತು. ಇದು ಶಾ ಅವರ ಮನಸ್ಸನ್ನು ತೀವ್ರವಾಗಿ ನೋಯಿಸಿತು.

ಜೂನ್ ತಿಂಗಳು ಮುಗಿಯುವ ಹೊತ್ತಿಗೆ ಸಂಬಳದ ಸುದ್ದಿ ಬಂತು. 1862ರ ಜುಲೈ 17ರ ಮಿಲಿಷಿಯಾ ಕಾಯ್ದೆ ಕಪ್ಪು ಜನರನ್ನು ಕಂದಕ ತೋಡುವ, ಬಿಡಾರದ ಕೆಲಸ ಮಾಡುವ ಕೂಲಿಗಳೆಂದು ಮುಖ್ಯವಾಗಿ ಎಣಿಸಿ, ತಿಂಗಳಿಗೆ 10 ಡಾಲರ್ ಗೊತ್ತುಮಾಡಿತ್ತು. ಅದರಲ್ಲಿಯೂ 3 ಡಾಲರನ್ನು ಬಟ್ಟೆಗೆಂದು ಮುರಿದುಕೊಳ್ಳಬಹುದಾಗಿತ್ತು. ಬಂದೂಕು ಹಿಡಿದವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂದು ಯುದ್ಧ ಇಲಾಖೆಯ ಕಾನೂನು ಸಲಹೆಗಾರರು ಅಭಿಪ್ರಾಯ ಕೊಟ್ಟರು. ಬಿಳಿಯ ಸಾಮಾನ್ಯ ಸಿಪಾಯಿಗೆ 13 ಡಾಲರ್, ಮೇಲೆ ಬಟ್ಟೆಯ ಭತ್ಯೆ ಬೇರೆ. ಕಪ್ಪು ಸಿಪಾಯಿಯ ಕೈಗೆ ಉಳಿಯುವುದು 7 ಡಾಲರ್. ಅವನು ಸಾರ್ಜೆಂಟ್ ಆಗಿದ್ದರೂ ಅಷ್ಟೇ. ಜುಲೈ 2ರಂದೇ ಶಾ ಗವರ್ನರ್‌ಗೆ ಪತ್ರ ಬರೆದು, ಮಾತು ಕೊಟ್ಟಂತೆ ಪೂರ್ತಿ ಸಂಬಳ ಕೊಡಬೇಕು, ಇಲ್ಲವೇ ರೆಜಿಮೆಂಟನ್ನು ಸೇವೆಯಿಂದ ಬಿಡುಗಡೆ ಮಾಡಬೇಕು ಎಂದು ನೇರವಾಗಿ ಹೇಳಿದರು.

ಇದಾಗಿ ಹದಿನಾರೇ ದಿನಗಳಲ್ಲಿ ವ್ಯಾಗ್ನರ್ ಕೋಟೆಯ ದಾಳಿ. ಚಾರ್ಲ್ಸ್‌ಟನ್ ಬಂದರನ್ನು ಕಾಯುತ್ತಿದ್ದ ಮಾರಿಸ್ ದ್ವೀಪದ ಈ ಕೋಟೆಗೆ ಹೋಗಲು ಇದ್ದದ್ದು ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೌಗು, ನಡುವೆ ಕಿರಿದಾದ ಮರಳ ಪಟ್ಟಿ. 54ರ ಸೈನಿಕರು ಜುಲೈ 16ರಂದು ಜೇಮ್ಸ್ ದ್ವೀಪದಲ್ಲಿ ಕಾದಾಡಿ, ಅಪಾಯಕ್ಕೆ ಸಿಲುಕಿದ್ದ ಕನೆಕ್ಟಿಕಟ್‌ನ ಬಿಳಿಯರ ರೆಜಿಮೆಂಟೊಂದನ್ನು ಪಾರುಮಾಡಿದ್ದರು. ಆ ರಾತ್ರಿ ಮಳೆಯಲ್ಲಿ, ಜೌಗಿನ ಮೇಲೆ ಹಾಸಿದ ಹಲಗೆಗಳ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದು, ಸರಿಯಾದ ಊಟ ನಿದ್ದೆಗಳಿಲ್ಲದೆ ಬಂದು ತಲುಪಿದ್ದರು. ಮುಂದಿನ ಸಾಲಿನಲ್ಲಿ ನಿಲ್ಲುವಿರಾ ಎಂದು ಜನರಲ್ ಸ್ಟ್ರಾಂಗ್ ಕೇಳಿದಾಗ ಶಾ ಒಪ್ಪಿದರು. ದಿನವಿಡೀ ಫಿರಂಗಿಗಳು ಬಡಿದದ್ದರಿಂದ ಒಳಗಿನವರು ಕುಸಿದಿರುತ್ತಾರೆ ಎಂಬ ಎಣಿಕೆ ಸುಳ್ಳಾಯಿತು. ನೆಲದಡಿಯ ಆಸರೆಗಳಲ್ಲಿ ಅಡಗಿದ್ದ ಕಾವಲು ಪಡೆ ಗುಂಡಿನ ಮಳೆ ಸುರಿಸಿತು. ಕಂದಕ ದಾಟಿ ಕೋಟೆಯ ದಿಬ್ಬದ ಮೇಲೇರಿದ ಶಾ ಅಲ್ಲಿಯೇ ಸತ್ತರು. ದಾಳಿಗೆ ಹೋದ ಸುಮಾರು 600 ಮಂದಿಯಲ್ಲಿ 270ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಯಾದರು. ಬಾವುಟ ಹಿಡಿದವನು ಬಿದ್ದಾಗ ಸಾರ್ಜೆಂಟ್ ವಿಲಿಯಂ ಕಾರ್ನಿ ಅದನ್ನು ಎತ್ತಿಕೊಂಡು, ಮೈಗೆ ಹಲವು ಗುಂಡು ತಗುಲಿದರೂ ತೆವಳಿಕೊಂಡು ಹಿಂದಕ್ಕೆ ತಂದು, ಬಾವುಟ ನೆಲ ಮುಟ್ಟಲಿಲ್ಲ ಎಂದು ಹೇಳಿ ಕುಸಿದನು. ಹಿರಿಯ ಅಧಿಕಾರಿಗಳೆಲ್ಲ ಬಿದ್ದಿದ್ದರಿಂದ ಉಳಿದವರನ್ನು ಒಟ್ಟುಗೂಡಿಸುವ ಹೊಣೆ 18 ವರ್ಷದ ಕ್ಯಾಪ್ಟನ್ ಲೂಯಿಸ್ ಎಮಿಲಿಯೊ ಹೆಗಲಿಗೆ ಬಂತು.

ಇನ್ನೊಬ್ಬ ಸಾರ್ಜೆಂಟ್, ಬರ್ಮುಡಾ ಮೂಲದ ರಾಬರ್ಟ್ ಸಿಮನ್ಸ್, ಈ ದಾಳಿಯಲ್ಲಿ ಗಾಯಗೊಂಡು ಸೆರೆಯಲ್ಲಿ ಪ್ರಾಣಬಿಟ್ಟನು. ಅದೇ ವಾರ ನ್ಯೂಯಾರ್ಕಿನಲ್ಲಿ ಕಡ್ಡಾಯ ಸೇನಾ ಭರ್ತಿಯ ವಿರುದ್ಧ ಎದ್ದ ದಂಗೆಯಲ್ಲಿ ಬಿಳಿಯರ ಗುಂಪು ಅವನ ಅಕ್ಕತಂಗಿಯೊಬ್ಬಳ ಪುಟ್ಟ ಮಗನನ್ನು ಕೊಂದಿತ್ತು. ಆ ಮನೆಯವರು ಎರಡೂ ಸಾವನ್ನು ಒಟ್ಟಿಗೆ ಹೇಗೆ ತಾಳಿಕೊಂಡರೋ ಊಹಿಸುವುದೂ ಕಷ್ಟ. ಶಾ ಅವರ ಶವವನ್ನು ಎದುರಾಳಿಗಳು ಅವರ ಸಿಪಾಯಿಗಳೊಂದಿಗೆ ಒಂದೇ ಗುಂಡಿಯಲ್ಲಿ ಹೂತರು. ಅವಮಾನವೆಂದು ಮಾಡಿದ ಈ ಕೆಲಸವನ್ನು ಶಾ ಅವರ ತಂದೆ ಗೌರವವೆಂದೇ ತೆಗೆದುಕೊಂಡು, ಮಗನ ದೇಹವನ್ನು ಅಲ್ಲಿಂದ ಕದಲಿಸಬಾರದು ಎಂದು ಕೇಳಿಕೊಂಡರು.

ಇಷ್ಟೆಲ್ಲ ಆದ ಮೇಲೂ ಬಟವಾಡೆ ಅಧಿಕಾರಿ ತಂದದ್ದು ಅದೇ ಕೂಲಿಯ ಲೆಕ್ಕ. ಸೈನಿಕರು ಮುಟ್ಟಲಿಲ್ಲ. ನ್ಯೂ ಬೆಡ್‌ಫರ್ಡ್‌ನಿಂದ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದು ಬಂದಿದ್ದ ಕಾರ್ಪೊರಲ್ ಜೇಮ್ಸ್ ಹೆನ್ರಿ ಗೂಡಿಂಗ್ ಸೆಪ್ಟೆಂಬರ್ 28ರಂದು ಮಾರಿಸ್ ದ್ವೀಪದ ಬಿಡಾರದಿಂದ ಲಿಂಕನ್‌ಗೇ ಪತ್ರ ಬರೆದನು. ನಾವು ಸೈನಿಕರೋ ಕೂಲಿಗಳೋ ಎಂಬುದು ಅವನ ಪ್ರಶ್ನೆ. ಸೈನಿಕನ ಕರ್ತವ್ಯ ಮಾಡಿದ್ದೇವೆ, ಸೈನಿಕನ ಸಂಬಳ ಏಕಿಲ್ಲ ಎಂದು ಅವನು ಕೇಳಿದನು. ಕಡಿಮೆಯಾದ ಹಣವನ್ನು ರಾಜ್ಯದ ಬೊಕ್ಕಸದಿಂದ ತುಂಬಿಕೊಡಲು ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಕಾನೂನು ಮಾಡಿತು. ರೆಜಿಮೆಂಟ್ ಅದನ್ನೂ ಒಲ್ಲೆ ಎಂದಿತು. ಊರಿನಲ್ಲಿ ಹೆಂಡತಿ ಮಕ್ಕಳು ದಾನದ ಮೇಲೆ ಬದುಕುತ್ತಿದ್ದಾಗ ಎದುರಿಗಿಟ್ಟ ಹಣವನ್ನು ಬೇಡವೆನ್ನುವುದು ಸುಲಭದ ಮಾತಲ್ಲ. ಆದರೆ ಅದನ್ನು ಪಡೆದಿದ್ದರೆ ಜಗಳ ಕೆಲವು ಡಾಲರುಗಳಿಗಾಗಿ ಎಂದಾಗುತ್ತಿತ್ತು. ಅವರು ಕೇಳುತ್ತಿದ್ದದ್ದು ಕೇಂದ್ರ ಸರ್ಕಾರ ತಮ್ಮನ್ನು ಸೈನಿಕರೆಂದು ಒಪ್ಪಿಕೊಳ್ಳಬೇಕು ಎಂದು.

ಇದೇ ಪ್ರಶ್ನೆ ಬೇರೊಂದು ರೆಜಿಮೆಂಟಿನಲ್ಲಿ ಜೀವವನ್ನೇ ತೆಗೆಯಿತು. ದಕ್ಷಿಣ ಕೆರೊಲಿನಾದ 3ನೇ ಪಡೆಯ ಸಾರ್ಜೆಂಟ್ ವಿಲಿಯಂ ವಾಕರ್ ಸರಿಯಾದ ಸಂಬಳ ಕೊಡುವವರೆಗೆ ಸೇವೆ ಮಾಡುವುದಿಲ್ಲವೆಂದು ತನ್ನ ಕಂಪನಿಯವರೊಂದಿಗೆ ಬಂದೂಕು ಕೆಳಗಿಟ್ಟಿದ್ದಕ್ಕೆ, 1864ರ ಫೆಬ್ರವರಿ 29ರಂದು ಬಂಡಾಯದ ಆರೋಪದ ಮೇಲೆ ಅವನನ್ನು ಗುಂಡಿಟ್ಟು ಕೊಲ್ಲಲಾಯಿತು. ಅವನಿಗೆ ಸೈನಿಕನ ಸಂಬಳ ಕೊಡಲು ಕಾನೂನು ಕಾಣದ ಸರ್ಕಾರಕ್ಕೆ ಸೈನಿಕನೆಂದು ಅವನನ್ನು ಕೊಲ್ಲಲು ಸಾಕಷ್ಟು ಕಾನೂನು ಸಿಕ್ಕಿತು ಎಂಬರ್ಥದ ಮಾತನ್ನು ಆಂಡ್ರೂ ಆಡಿದರು.

ವಾಕರ್ ಸಾವಿಗೆ ಒಂಬತ್ತು ದಿನ ಮೊದಲು, ಫ್ಲಾರಿಡಾದ ಒಲಸ್ಟಿಯಲ್ಲಿ ಉತ್ತರದ ಪಡೆ ದೊಡ್ಡ ಸೋಲು ಕಂಡಿತ್ತು. ಆ ದಿನ 54ರವರು ‘ಮ್ಯಾಸಚೂಸೆಟ್ಸ್, ತಿಂಗಳಿಗೆ ಏಳು ಡಾಲರ್’ ಎಂದು ಕೂಗುತ್ತ ರಣರಂಗಕ್ಕೆ ಓಡಿದರು. ಹಿಂದೆ ಸರಿಯುತ್ತಿದ್ದ ಸೇನೆಗೆ ಬೆಂಗಾವಲಾಗಿ ಕೊನೆಯವರೆಗೂ ನಿಂತರು. ಜಾಕ್ಸನ್‌ವಿಲ್ ದಾರಿಯಲ್ಲಿ ಗಾಯಾಳುಗಳನ್ನು ತುಂಬಿದ ರೈಲಿನ ಎಂಜಿನ್ ಕೆಟ್ಟು ನಿಂತಾಗ, ದಣಿದ ಈ ಸೈನಿಕರೇ ಬಂದ ದಾರಿಯಲ್ಲಿ ಹಿಂದಿರುಗಿ, ಬೋಗಿಗಳಿಗೆ ಹಗ್ಗ ಕಟ್ಟಿ, ಮೈಲಿಗಟ್ಟಲೆ ಕೈಯಿಂದ ಎಳೆದರು. ಸಂಬಳವನ್ನೇ ಮುಟ್ಟಿರದ ಕೈಗಳು ಅವು. ಆ ವೇಳೆಗೆ ಅವಕ್ಕೆ ಬಿಡಿಗಾಸೂ ಸಿಕ್ಕಿರಲಿಲ್ಲ.

1864ರ ಜೂನ್ 15ರಂದು ಕಾಂಗ್ರೆಸ್ ಸಮಾನ ಸಂಬಳದ ಕಾನೂನು ಮಾಡಿತಾದರೂ ಅದರಲ್ಲಿ ಒಂದು ಕೊಕ್ಕೆ ಉಳಿಯಿತು. ಸೇರಿದ ದಿನದಿಂದ ಪೂರ್ತಿ ಬಾಕಿ ಸಿಗುವುದು 1861ರ ಏಪ್ರಿಲ್ 19ಕ್ಕೆ ಸ್ವತಂತ್ರರಾಗಿದ್ದವರಿಗೆ ಮಾತ್ರ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರೂ ರೆಜಿಮೆಂಟಿನಲ್ಲಿದ್ದರು. ಶಾ ಅವರ ನಂತರ ಕರ್ನಲ್ ಆಗಿದ್ದ ಎಡ್ವರ್ಡ್ ಹ್ಯಾಲೊವೆಲ್ ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದವರು. ಆ ದಿನದಂದು ತಾನು ಯಾರಿಗೂ ಪುಕ್ಕಟೆ ದುಡಿಮೆಯ ಋಣಿಯಾಗಿರಲಿಲ್ಲ ಎಂಬ ಪ್ರಮಾಣವಚನವನ್ನು ಅವರು ರಚಿಸಿಕೊಟ್ಟರು. ಮನುಷ್ಯ ಮನುಷ್ಯನನ್ನು ಕೊಳ್ಳುವುದೇ ಅನ್ಯಾಯವೆಂದ ಮೇಲೆ, ಗುಲಾಮನಾಗಿದ್ದವನೂ ಅದನ್ನು ಸುಳ್ಳಾಡದೆ ಹೇಳಬಹುದಾಗಿತ್ತು. ಇಡೀ ರೆಜಿಮೆಂಟ್ ಕೈ ಎತ್ತಿ ಪ್ರಮಾಣ ಮಾಡಿತು. ಸೆಪ್ಟೆಂಬರ್ ಕೊನೆಯಲ್ಲಿ, ಸೇರಿದ 18 ತಿಂಗಳ ಬಳಿಕ, ಪೂರ್ತಿ ಸಂಬಳ ಕೈ ಸೇರಿತು. ಬಿಡಾರದಲ್ಲಿ ಹಾಡು, ನಗು, ಸಂಭ್ರಮ. ಅಪಾರ ಹಣ ಊರುಗಳಿಗೆ ರವಾನೆಯಾಯಿತು. ಗೂಡಿಂಗ್ ಅಲ್ಲಿರಲಿಲ್ಲ. ಒಲಸ್ಟಿಯಲ್ಲಿ ಗಾಯಗೊಂಡು ಸೆರೆಯಾಗಿದ್ದ ಅವನು ಜುಲೈ 19ರಂದು ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ತೀರಿಕೊಂಡಿದ್ದನು.

ಮುಂದೆ ರೆಜಿಮೆಂಟ್ ಹನಿ ಹಿಲ್, ಬಾಯ್ಕಿನ್ಸ್ ಮಿಲ್ ಕದನಗಳಲ್ಲಿ ಹೋರಾಡಿ 1865ರ ಆಗಸ್ಟಿನಲ್ಲಿ ವಿಸರ್ಜನೆಗೊಂಡಿತು. ಕಪ್ಪು ಸಾರ್ಜೆಂಟ್ ಸ್ಟೀಫನ್ ಸ್ವೇಲ್ಸ್‌ಗೆ ಗವರ್ನರ್ 1864ರಲ್ಲೇ ಕೊಟ್ಟಿದ್ದ ಲೆಫ್ಟಿನೆಂಟ್ ಪದವಿಯನ್ನು ಯುದ್ಧ ಇಲಾಖೆ ಒಪ್ಪಿದ್ದು 1865ರ ಜನವರಿಯಲ್ಲಿ. ಕಾರ್ನಿಗೆ ಅಮೆರಿಕದ ಅತ್ಯುನ್ನತ ಸೇನಾ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿದ್ದು 1900ರಲ್ಲಿ. ಬಾಸ್ಟನ್ನಿನ ಶಾಸನಭವನದ ಎದುರು ಶಿಲ್ಪಿ ಅಗಸ್ಟಸ್ ಸೇಂಟ್ ಗಾಡೆನ್ಸ್ ಮಾಡಿದ ಕಂಚಿನ ಸ್ಮಾರಕವಿದೆ. ಕುದುರೆಯೇರಿದ ಶಾ, ಪಕ್ಕದಲ್ಲಿ ಹೆಗಲ ಮೇಲೆ ಬಂದೂಕು ಹೊತ್ತು ನಡೆಯುವ ಸಿಪಾಯಿಗಳು, ಒಬ್ಬೊಬ್ಬನ ಮುಖವೂ ಬೇರೆ ಬೇರೆ. 1897ರಲ್ಲಿ ಅದನ್ನು ಅನಾವರಣ ಮಾಡಿದಾಗ ಕಲ್ಲಿನ ಮೇಲೆ ಸತ್ತ ಬಿಳಿಯ ಅಧಿಕಾರಿಗಳ ಹೆಸರುಗಳಿದ್ದವು. ಮಡಿದ ಕಪ್ಪು ಸಿಪಾಯಿಗಳ ಹೆಸರುಗಳನ್ನು ಅದರ ಹಿಂಬದಿಯಲ್ಲಿ ಕೆತ್ತಿದ್ದು 1980ರ ದಶಕದ ಆರಂಭದಲ್ಲಿ.