ವೇಬ್ರಿಡ್ಜ್‌ನಿಂದ ಆಫೀಸಿಗೆ: ವೈರ್‌ಲೆಸ್ ಮೋಡೆಮ್‌ನ ಎರಡು ವೇಗಗಳ ಲೆಕ್ಕ

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳಲ್ಲಿ ವೇಬ್ರಿಡ್ಜ್ ಗೇಟಿನ ಹತ್ತಿರ ಇದ್ದರೆ ಬಿಲ್ ಹಾಕುವ ಕಂಪ್ಯೂಟರ್ ಒಳಗೆ ಆಫೀಸಿನಲ್ಲಿರುತ್ತದೆ. ತೂಕವನ್ನು ಕಂಪ್ಯೂಟರ್‌ಗೆ ಒಯ್ಯುವ ಆರ್‌ಎಸ್-232 ಸೀರಿಯಲ್ ಕೇಬಲನ್ನು 15 ಮೀಟರ್ ಆಚೆ ನಂಬುವಂತಿಲ್ಲ. ನೆಲ ಅಗೆದು ಕೇಬಲ್ ಹಾಕಿದರೆ ಮುಂದಿನ ಸುಗ್ಗಿಯೊಳಗೆ ಲಾರಿ ಚಕ್ರವೋ ಜೆಸಿಬಿಯೋ ಅದನ್ನು ಕತ್ತರಿಸಿರುತ್ತದೆ. ಹಾಗಾಗಿ ಕೇಬಲ್ ಬದಲು ರೇಡಿಯೋದಲ್ಲಿ ಕಳಿಸುವ ಎರಡು ಸೀರಿಯಲ್ ಮೋಡೆಮ್ ತಂದು ಎರಡು ತುದಿಗೆ ಹಾಕುತ್ತಾರೆ. ಟೇಬಲ್ ಮೇಲೆ ಎಲ್ಲ ಸರಿಯಾಗಿಯೇ ಓಡುತ್ತದೆ, ಅಂಗಳದಲ್ಲಿ ಕೈಕೊಡುತ್ತದೆ. ಕಾರಣ ಬಹುತೇಕ ಸೆಟ್ಟಿಂಗ್‌ನಲ್ಲೇ ಇರುತ್ತದೆ.

ಇಲ್ಲಿ ಹೆಚ್ಚಾಗಿ ಸಿಗುವ ಇಬೈಟ್ ಕಂಪನಿಯ ಇ32 ಲೋರಾ (ದೂರ ಹೋಗುವ, ನಿಧಾನದ ರೇಡಿಯೋ ವಿಧಾನ) ಮಾಡ್ಯೂಲನ್ನೇ ತೆಗೆದುಕೊಳ್ಳೋಣ. ಇದರಲ್ಲಿ ವೇಗ ಒಂದಲ್ಲ, ಎರಡು. ತೂಕದ ಇಂಡಿಕೇಟರ್‌ಗೂ ಮೋಡೆಮ್‌ಗೂ ನಡುವಿನದು ವೈರಿನ ಬಾಡ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬಿಟ್ ಎಂಬುದು. ಮೋಡೆಮ್‌ನಿಂದ ಮೋಡೆಮ್‌ಗೆ ಹೋಗುವುದು ಗಾಳಿಯ ವೇಗ. ವೈರಿನ ವೇಗ ಎರಡು ತುದಿಯಲ್ಲಿ ಬೇರೆ ಬೇರೆ ಇದ್ದರೂ ನಡೆಯುತ್ತದೆ: ಅಲ್ಲಿ 2400, ಇಲ್ಲಿ 9600. ಗಾಳಿಯ ವೇಗ, ಚಾನೆಲ್, ವಿಳಾಸ ಮಾತ್ರ ಎರಡೂ ಕಡೆ ಒಂದೇ ಇರಬೇಕು.

ಕೆಲಸದ ಮೋಡ್‌ಗಳನ್ನು ನಿರ್ಧರಿಸುವುದು ಎಂ0, ಎಂ1 ಎಂಬ ಎರಡು ಪಿನ್. ಎರಡೂ ಗ್ರೌಂಡ್‌ಗೆ ಹೋದರೆ ಮಾಮೂಲಿ ಮೋಡ್. ಎಂ0 ಮಾತ್ರ ಹೈ ಆದರೆ ವೇಕ್-ಅಪ್, ಎಂ1 ಮಾತ್ರ ಹೈ ಆದರೆ ಪವರ್ ಸೇವಿಂಗ್, ಎರಡೂ ಹೈ ಆದರೆ ಸ್ಲೀಪ್. ಸೆಟ್ಟಿಂಗ್ ಬದಲಿಸುವುದು ಈ ಸ್ಲೀಪ್‌ನಲ್ಲೇ. ಒಳಗೆ ಪಿನ್ನನ್ನು ಹೈ ಕಡೆಗೆ ಎಳೆಯುವ ಸಣ್ಣ ಪುಲ್-ಅಪ್ ಇರುವುದರಿಂದ ಈ ಪಿನ್‌ಗಳಿಗೆ ಏನೂ ಜೋಡಿಸದೆ ಬಿಟ್ಟರೆ ಮೋಡೆಮ್ ಸುಮ್ಮನೆ ಮಲಗಿಬಿಡುತ್ತದೆ. 'ಹೊಸ ಮಾಡ್ಯೂಲ್ ಸತ್ತಿದೆ' ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ. ಪವರ್ ಸೇವಿಂಗ್ ಬೇಕಾಗುವುದು ಬ್ಯಾಟರಿಯಲ್ಲಿ ಓಡುವ ದೂರದ ಕೇಳುಗನಿಗೆ. ಆ ಮೋಡ್‌ನಲ್ಲಿ ಅದು ಕೇಳುತ್ತದೆಯೇ ಹೊರತು ಕಳಿಸುವುದಿಲ್ಲ, ಕಳಿಸುವವನು ವೇಕ್-ಅಪ್‌ನಲ್ಲೇ ಇರಬೇಕು. ವೇಬ್ರಿಡ್ಜ್‌ಗೆ ಕರೆಂಟ್ ಇದ್ದೇ ಇರುತ್ತದೆ, ಎರಡೂ ಕಡೆ ಮಾಮೂಲಿ ಮೋಡ್ ಸಾಕು.

ಸೆಟ್ಟಿಂಗ್ ಮಾಡುವಾಗ ವೈರಿನ ವೇಗ ಎಷ್ಟಿಟ್ಟಿದ್ದರೂ ಟರ್ಮಿನಲನ್ನು (ಪೋರ್ಟಿಗೆ ಬೈಟ್ ಕಳಿಸಿ ಉತ್ತರ ನೋಡುವ ಪ್ರೋಗ್ರಾಂ) 9600, 8ಎನ್1 (ಎಂಟು ಬಿಟ್, ತಪ್ಪು ಪತ್ತೆಯ ಪ್ಯಾರಿಟಿ ಬಿಟ್ ಇಲ್ಲ, ಒಂದು ಸ್ಟಾಪ್ ಬಿಟ್) ನಲ್ಲೇ ತೆರೆಯಬೇಕು. ಕಳೆದ ಸಲ 2400 ಮಾಡಿದ್ದು ನೆನಪಿಟ್ಟುಕೊಂಡು 2400ರಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ಮೋಡೆಮ್ ಸಿದ್ಧವಿದೆ ಎಂದು ತೋರಿಸುವ ಆಕ್ಸ್ ಪಿನ್ ಹೈ ಆಗುವವರೆಗೆ ತಡೆಯಿರಿ. ಆಮೇಲೆ ಹೆಕ್ಸ್‌ನಲ್ಲಿ ಸಿ1 ಸಿ1 ಸಿ1 ಕಳಿಸಿದರೆ ಈಗಿನ ಸೆಟ್ಟಿಂಗ್‌ನ ಆರು ಬೈಟ್ ವಾಪಸ್ ಬರುತ್ತವೆ. ಇವನ್ನು ಅಕ್ಷರಗಳಾಗಿ ಟೈಪ್ ಮಾಡಿ ಕಳಿಸಿದರೆ ಕೆಲಸವಾಗದು. ಟರ್ಮಿನಲ್‌ನಲ್ಲಿ ಹೆಕ್ಸ್ ಆಯ್ಕೆ ಟಿಕ್ ಮಾಡಿ.

868 ಮೆಗಾಹರ್ಟ್ಸ್‌ನ ಮಾಡ್ಯೂಲ್ ಕಾರ್ಖಾನೆಯಿಂದ ಬರುವುದು ಸಿ0 00 00 1ಎ 06 44 ಎಂದು. ಅದನ್ನು ಸಿ0 00 07 1ಎ 04 44 ಮಾಡಿ. 00 07 ವಿಳಾಸ. 1ಎ ಅನ್ನು ಬೈನರಿಯಲ್ಲಿ ಬಿಡಿಸಿದರೆ 00-011-010: ಪ್ಯಾರಿಟಿ ಇಲ್ಲ, ವೈರಿನಲ್ಲಿ 9600, ಗಾಳಿಯಲ್ಲಿ 2.4 ಕೆ. ಇಂಡಿಕೇಟರ್ 2400ರದ್ದಾದರೆ 1ಎ ಜಾಗದಲ್ಲಿ 0ಎ. ಚಾನೆಲ್ ಲೆಕ್ಕ ಸುಲಭ: 862ಕ್ಕೆ ಚಾನೆಲ್ ಸಂಖ್ಯೆ ಕೂಡಿಸಿದರೆ ಮೆಗಾಹರ್ಟ್ಸ್. 06 ಎಂದರೆ 868. ನಮ್ಮಲ್ಲಿ 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟದ್ದು 865–867, ಆದ್ದರಿಂದ ನಡುವಿನ 866, ಅಂದರೆ 04. ಖರೀದಿಸುವಾಗ ಕೇಂದ್ರ ಸರ್ಕಾರದ ರೇಡಿಯೋ ವಿಭಾಗ ಡಬ್ಲ್ಯುಪಿಸಿ ಕೊಡುವ ಇಟಿಎ ಅನುಮತಿ ಇದೆಯೇ ಎಂದೂ ಕೇಳಿ. ವಿಳಾಸ 00 00 ಹಾಗೇ ಬಿಟ್ಟರೆ, ಪಕ್ಕದ ಮಿಲ್‌ನವರೂ ಹಾಗೇ ಬಿಟ್ಟಿದ್ದರೆ, ಅವರ ಲಾರಿಯ ತೂಕ ನಿಮ್ಮ ಪರದೆ ಮೇಲೆ ಬರಬಹುದು. ಮೊದಲ ಬೈಟ್ ಸಿ0 ಬದಲು ಸಿ2 ಕಳಿಸಿದರೆ ಕರೆಂಟ್ ಹೋಗಿ ಬಂದ ಮೇಲೆ ಎಲ್ಲ ಮೊದಲಿನಂತೆ. ಕರೆಂಟ್ ಹೋಗುವ ಊರಿನಲ್ಲಿ ಸಿ0 ಮಾತ್ರ.

ಇನ್ನು ಜನ ಎಡವುವ ಜಾಗ. ಇಂಡಿಕೇಟರ್ ತೂಕವನ್ನು ನಿಲ್ಲಿಸದೆ ಕಳಿಸುತ್ತಿರುತ್ತದೆ. ಒಂದು ಸಾಲು 18 ಬೈಟ್, ಸೆಕೆಂಡಿಗೆ 15 ಸಲ ಎಂದುಕೊಳ್ಳಿ: 270 ಬೈಟ್. ವೈರಿನ 9600ಕ್ಕೆ ಇದು ಲೆಕ್ಕಕ್ಕಿಲ್ಲ, ಅದು 960 ಹೊರುತ್ತದೆ. ಗಾಳಿಯ 2.4 ಕೆ ಕಾಗದದ ಮೇಲೆ 300 ಬೈಟ್. ಪ್ಯಾಕೆಟ್‌ನ ತಲೆಬರಹ, ದೋಷ ತಿದ್ದುವ ಬಿಟ್‌ಗಳನ್ನು ಕಳೆದರೆ 270 ಹಿಡಿಸುವುದಿಲ್ಲ. 512 ಬೈಟ್‌ನ ಬಫರ್ ಕೆಲವೇ ಸೆಕೆಂಡಿನಲ್ಲಿ ತುಂಬಿ ಚೆಲ್ಲುತ್ತದೆ. ಲಾರಿ ಕಾಟಾದಿಂದ ಇಳಿದಿದ್ದರೂ ಪರದೆ ಮೇಲೆ ತೂಕ ನಿಂತಿರುತ್ತದೆ. ಇನ್ನೂ ಕೆಟ್ಟದ್ದು, 24680ರ ಮೊದಲ ಅಂಕಿ ಉದುರಿ 4680 ಆಗಿ ಬರಬಹುದು.

ಆಗ ಎಲ್ಲರ ಕೈ ಹೋಗುವುದು ಗಾಳಿಯ ವೇಗ 19.2 ಕೆ ಮಾಡುವುದಕ್ಕೆ. ಅದು ಬೇಡ. ವೇಗ ದುಪ್ಪಟ್ಟಾದಾಗಲೆಲ್ಲ ಸಿಗ್ನಲ್ ಹಿಡಿಯುವ ರಿಸೀವರ್ ಸುಮಾರು 3 ಡೆಸಿಬಲ್ ಕಿವುಡಾಗುತ್ತದೆ. 6 ಡೆಸಿಬಲ್ ಹೋದರೆ ಬಯಲಲ್ಲೂ ದೂರ ಅರ್ಧ. ಬದಲಿಗೆ ಇಂಡಿಕೇಟರ್‌ನ ಮೆನುವಿಗೆ ಹೋಗಿ ಕಳಿಸುವುದನ್ನು ಸೆಕೆಂಡಿಗೆ ಎರಡು ಸಲಕ್ಕೆ ಇಳಿಸಿ, ಇಲ್ಲವೇ ಪ್ರಿಂಟ್ ಒತ್ತಿದಾಗ ಮಾತ್ರ ಕಳಿಸುವಂತೆ ಮಾಡಿ. 36 ಬೈಟ್ ಆರಾಮಾಗಿ ಹೋಗುತ್ತದೆ. ಕಂಪ್ಯೂಟರ್‌ನ ಪ್ರೋಗ್ರಾಂ ಸಾಲಿನ ಪೂರ್ತಿ 18 ಬೈಟ್ ಎಣಿಸಿ, ಕೊರತೆಯಿದ್ದರೆ ಎಸೆಯಬೇಕು. ರೇಡಿಯೋ 58 ಬೈಟ್‌ಗೊಂದು ಪ್ಯಾಕೆಟ್ ಕತ್ತರಿಸುವುದರಿಂದ ಸಾಲು ನಡುವೆ ತುಂಡಾಗಿ ಬರಬಹುದು, ಅದಕ್ಕೂ ಸ್ವಲ್ಪ ಕಾಯುವ ಗುಣ ಬೇಕು.

ಹಳೆಯ ಇಂಡಿಕೇಟರ್ 7ಇ1 (ಏಳು ಬಿಟ್, ಈವನ್ ಪ್ಯಾರಿಟಿ, ಒಂದು ಸ್ಟಾಪ್ ಬಿಟ್) ಆಗಿದ್ದರೆ ಗಾಬರಿ ಬೇಡ. 7ಇ1 ಕೂಡ, 8ಎನ್1 ಕೂಡ ಹತ್ತೇ ಬಿಟ್. ಮೋಡೆಮ್ ಪ್ಯಾರಿಟಿಯನ್ನು ಎಂಟನೇ ಬಿಟ್ ಎಂದುಕೊಂಡು ಹಾಗೇ ದಾಟಿಸುತ್ತದೆ. ಆಫೀಸಿನ ಪೋರ್ಟ್ ಮಾತ್ರ 7ಇ1 ಇಡಿ.

ಇಂಡಿಕೇಟರ್‌ನ ಆರ್‌ಎಸ್-232ನ್ನು ಮಾಡ್ಯೂಲ್‌ಗೆ ನೇರ ಕೊಟ್ಟರೆ ಪಿನ್ ಸುಡುತ್ತದೆ, ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಬೋರ್ಡ್ ಹಾಕಿ. ಯುಎಸ್‌ಬಿಯನ್ನು ಸೀರಿಯಲ್ ಮಾಡುವ ಎಫ್‌ಟಿ232 ಬೋರ್ಡ್‌ನ 3.3 ವೋಲ್ಟ್ ಪಿನ್‌ನಿಂದ ಮಾಡ್ಯೂಲ್ ನಡೆಸಬೇಡಿ. ಅದು ಕೊಡುವುದು 50 ಮಿಲಿ ಆಂಪ್, ಕಳಿಸುವಾಗ ಬೇಕಾಗುವುದು ಅದರ ಎರಡರಷ್ಟು. ಸೆಟ್ಟಿಂಗ್ ಓದಲು ಬರುತ್ತದೆ, ಕಳಿಸಲು ಹೋದರೆ ರೀಸೆಟ್ ಆಗುತ್ತದೆ.

ಆಂಟೆನಾ ಇಲ್ಲದೆ ಕರೆಂಟ್ ಕೊಡಬೇಡಿ. 866ಕ್ಕೆ ಕಾಲು ಅಲೆಯೆಂದರೆ 8.7 ಸೆಂಟಿಮೀಟರ್. ಗೋದಾಮಿನ ತಗಡಿನ ಶೀಟ್‌ಗಿಂತ ಮೇಲೆ ಏರಿಸಿ, ಆದರೆ ಹತ್ತು ಮೀಟರ್ ತೆಳು ಕೋಆಕ್ಸ್ (ಆಂಟೆನಾ ಕೇಬಲ್) ಎಳೆಯಬೇಡಿ, ಸಿಗ್ನಲ್ ಅದರಲ್ಲೇ ಸೋರಿಹೋಗುತ್ತದೆ. ಮೋಡೆಮನ್ನೇ ಕಂಬದ ಮೇಲಿನ ಬಿಳಿ ಡಬ್ಬಿಯಲ್ಲಿಟ್ಟು ಕೆಳಕ್ಕೆ ಆರ್‌ಎಸ್-485 (ದೂರ ತಾಳುವ ಸೀರಿಯಲ್ ವೈರ್) ಇಳಿಸಿ. ಕೇಬಲ್ ತೂತು ಕೆಳಮುಖವಾಗಿರಲಿ, ಇಲ್ಲದಿದ್ದರೆ ಹೊಟ್ಟಿನ ಧೂಳು ಒಳಗೆ ಬರಲು ಅಷ್ಟೇ ದಾರಿ ಸಾಕು.